ವಿನಯವಂತರ ಬ್ಯಾಂಡ್ ಸೆಟ್ಟು

ಶಿರಾದಲ್ಲಿ ನನ್ನದೊಂದು ಬ್ಯಾಂಡ್ ಸೆಟ್ಟಿತ್ತು. ಮದುವೆಯಿರಲಿ, ಮೆರವಣಿಗೆಯಿರಲಿ, ಕೆಂಪು ಕೋಟು ತೊಟ್ಟ ನಮ್ಮವರು ಹೋಗಿ ಊರಿನವರ ಕಿವಿ ಕಿವುಡಾಗಿಸಿ ಬರುತ್ತಿದ್ದರು. ಹೀಗೆ ಸುಖವಾಗಿದ್ದವನು ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ತುಮಕೂರಿನಲ್ಲಿ ನಡೆದ ಸಣ್ಣ ಉದ್ದಿಮೆದಾರರ ಶಿಬಿರಕ್ಕೆ ಹೋದೆ. ಶನಿ ಹೆಗಲೇರಿದ್ದೇ ಅಲ್ಲಿ! ಟೈ ಕಟ್ಟಿದ ಒಬ್ಬರು, "ಮೊದಲು ನಿಮ್ಮ ಕಂಪನಿಯ ಧ್ಯೇಯ ಬರೆದು ಗೋಡೆಗೆ ಹಾಕಿ. ವ್ಯವಹಾರವೆಲ್ಲ ಅದರಂತೆ ನಡೆಯಲಿ. ಕೆಲಸಕ್ಕೆ ಜನರನ್ನು ಸೇರಿಸುವಾಗ ಗುಣ ನೋಡಿ, ಕಸುಬು ಆಮೇಲೂ ಕಲಿಸಬಹುದು" ಎಂದು ಭಾಷಣ ಮಾಡಿದರು. ನಾನು ವಾಪಸು ಬರುವ ಬಸ್ಸಿನಲ್ಲೇ ಧ್ಯೇಯ ಸಿದ್ಧಪಡಿಸಿದೆ.

ಮಾರನೇ ದಿನವೇ ಪೇಂಟರನ್ನು ಕರೆಸಿ ಅಂಗಡಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದೆ: "ವಿನಯವೇ ನಮ್ಮ ಧ್ಯೇಯ. ಹಿರಿಯರು ಮಾತಾಡುವಾಗ ಮೌನವೇ ನಮ್ಮ ನೀತಿ. ಗದ್ದಲವಿಲ್ಲದ ವಾದ್ಯವೇ ನಮ್ಮ ಗುರಿ."

ನನ್ನ ಹೆಂಡತಿ ಜಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಓದಿದಳು. "ಅಲ್ಲ ಕಣ್ರೀ, ಗದ್ಲ ಇಲ್ದೆ ಇರಾಕೆ ಜನ ಯಾಕೆ ದುಡ್ಡು ಕೊಟ್ಟಾರು? ಅವ್ರ ಮನೇಲೇ ಸುಮ್ಕೆ ಕೂತ್ಕಂಡ್ರಾಗಲ್ವಾ?"

"ನಿನಗೆ ಆಡಳಿತ ತಿಳಿಯದು" ಎಂದೆ, ಗಂಭೀರವಾಗಿ.

ನಮ್ಮ ಡ್ರಮ್ಮಿನ ಬಾಷಾ ಸಾಬರು ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೆ ಸಾಹುಕಾರ್ರೇ, ಡ್ರಮ್ಮಿಗೆ ವಿನಯ ಕಲ್ಸುದ್ರೆ ಮದ್ವೆ ಹೆಂಗಾತದೆ? ನಮ್ ಕಸುಬೇ ಗಲಾಟೆ ಮಾಡೋದು!"

ಮಾಲೀಕನಿಗೇ ಎದುರುತ್ತರ! ಧ್ಯೇಯಕ್ಕೆ ಕೊಡಲಿಪೆಟ್ಟು! ಅಂದೇ ಅವರನ್ನು ಬಿಡಿಸಿದೆ. ಅವರ ಹಿಂದೆ ಉಳಿದವರೂ ಕೋಟು ಬಿಚ್ಚಿಟ್ಟು ಹೋದರು.

ಹೋದರೆ ಹೋಗಲಿ ಎಂದು ಸಂದರ್ಶನ ಏರ್ಪಡಿಸಿದೆ. ಮೊದಲು ಬಂದವನು ಶಾಂತಪ್ಪ.

"ಹಿರಿಯರು ಮಾತಾಡುತ್ತಿದ್ದರೆ ನೀನು ಏನು ಮಾಡುತ್ತೀಯ?"

"ಕೈ ಕಟ್ಕಂಡು ಸುಮ್ಕೆ ನಿಂತ್ಕಂತೀನಿ ಸಾರ್."

ಆಹಾ! ಡ್ರಮ್ಮು ಅವನಿಗೆ. ಹೀಗೆಯೇ ಇನ್ನೊಂದಷ್ಟು ಸಾಧುಗಳು ಸೇರಿಕೊಂಡರು. ನುಡಿಸಲು ಬರುತ್ತದೆಯೇ ಎಂದು ಯಾರನ್ನೂ ಕೇಳಲಿಲ್ಲ. ಅದು ಕಸುಬು, ಗುಣವಲ್ಲ. ಎಲೆಕ್ಷನ್ ಮೆರವಣಿಗೆಗೆ ಕರೆಯಲು ಬಂದವರನ್ನು "ನಮ್ಮದು ಸಭ್ಯ ಬ್ಯಾಂಡು" ಎಂದು ಬಾಗಿಲಿನಿಂದಲೇ ಕಳಿಸಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದರು. ಒಂದು ತಿಂಗಳು ಮದುವೆಗೆ ಕರೆಯಲು ವೀಳ್ಯ ಹಿಡಿದು ಒಬ್ಬರೂ ಬರಲಿಲ್ಲ.

ಅಷ್ಟರಲ್ಲಿ ಕಳ್ಳಂಬೆಳ್ಳದಲ್ಲಿ ನನ್ನ ನಾದಿನಿಯ ಮದುವೆ ನಿಶ್ಚಯವಾಯಿತು. ಗಂಡು ತೋವಿನಕೆರೆ ಕಡೆಯವನು. ಅವರದು ಶಕುನ, ಶಾಸ್ತ್ರ ಬಹಳ ನೋಡುವ ಮನೆ. ಎರಡು ಸಂಬಂಧ ಶಕುನದ ಮೇಲೆಯೇ ಮುರಿದುಕೊಂಡು ಬಂದವರು! ಜಯಮ್ಮ ಬೆರಳು ತೋರಿಸಿ ಹೇಳಿದಳು: "ನನ್ ತವ್ರಿನ ಮರ್ವಾದೆ ನಿಮ್ ಕೈಲದೆ. ನನ್ ತಂಗಿ ಮದ್ವೆ ಏನಾರ ಕೆಟ್ತೋ, ನಾನು ಶಿರಾಕೆ ಬರಾಕಿಲ್ಲ."

"ಯೋಚನೆ ಬೇಡ, ಇಂಥ ಶಿಸ್ತಿನ ಬ್ಯಾಂಡನ್ನು ಅವರು ಕಂಡೇ ಇಲ್ಲ" ಎಂದೆ. ಆ ಮಾತು ಮಾತ್ರ ನಿಜವಾಯಿತು.

ಮುಹೂರ್ತ ಬಂತು. ಗಂಡು ತಾಳಿ ಎತ್ತಿದ. ಐನೋರು ಬೆರಳೆತ್ತಿ "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದರು. ತಾಳಿ ಕಟ್ಟುವಾಗ ಸೀನೋ ಕೆಟ್ಟ ಮಾತೋ ಯಾರ ಕಿವಿಗೂ ಬೀಳಬಾರದೆಂದೇ ಗಟ್ಟಿಮೇಳವಿರುವುದು. ನಮ್ಮ ಬ್ಯಾಂಡು?

ನಿಶ್ಶಬ್ದ!

ತಿರುಗಿ ನೋಡಿದರೆ ಶಾಂತಪ್ಪ ಕಡ್ಡಿಗಳನ್ನು ಕಂಕುಳಲ್ಲಿಟ್ಟು ಕೈ ಕಟ್ಟಿ ನಿಂತಿದ್ದಾನೆ, ಉಳಿದವರೂ ಹಾಗೆಯೇ. ಅವನ ಮುಂದೆ ಗಂಡಿನ ಸೋದರಮಾವ ಕೈಯಲ್ಲಿ ನಸ್ಯದ ಡಬ್ಬಿ ಹಿಡಿದು ಯಾರಿಗೋ ಎತ್ತಿನ ವ್ಯಾಪಾರದ ಕಥೆ ಹೇಳುತ್ತಿದ್ದಾರೆ!

"ಬಾರಿಸೋ!" ಎಂದೆ ಪಿಸುಗುಟ್ಟಿ.

"ಹಿರೀರು ಮಾತಾಡ್ತಾವ್ರೆ ಸಾರ್. ಗೋಡೆ ಮ್ಯಾಲೆ ನೀವೇ ಬರ್ಸಿದ್ರಲ್ಲ."

ನಾನು ಅವನತ್ತ ನುಗ್ಗಿದೆ. ಮೊಣಕೈ ಮಾವನ ಡಬ್ಬಿಗೆ ತಗುಲಿತು. ನಸ್ಯ ಹಾರಿ ನೇರ ನನ್ನ ಮೂಗಿಗೇ ಬಂತು.

"ಆಆಕ್ಷೀ!"

ಆ ಮೌನದಲ್ಲಿ ನನ್ನ ಸೀನು ಕೆರೆ ಏರಿಯವರೆಗೂ ಕೇಳಿಸಿರಬೇಕು. ಗಂಡಿನ ಕೈ ಗಾಳಿಯಲ್ಲೇ ನಿಂತಿತು.

"ಒಂಟಿ ಸೀನು!" ಗಂಡಿನ ಸೋದರಮಾವ ಗುಡುಗಿದರು. "ತಾಳಿ ಇಳ್ಸಲಾ! ಈ ಲಗ್ನ ಬ್ಯಾಡ!"

ನನ್ನ ಅತ್ತೆ ಅಲ್ಲೇ ಕುಸಿದು ಕೂತರು. ಐನೋರು ಮಾತ್ರ ಧೈರ್ಯಗೆಡಲಿಲ್ಲ. "ತಡೀರಪ್ಪಾ! ಒಂಟಿ ಸೀನು ಕೆಟ್ಟದ್ದು, ಜೋಡಿ ಸೀನು ಶುಭ. ಮುಹೂರ್ತ ಮೀರೋದ್ರೊಳಗೆ ಇನ್ನೊಂದು ಸೀನಿಬಿಡಿ!"

ಇಡೀ ಚಪ್ಪರ ನನ್ನ ಮೂಗನ್ನೇ ನೋಡತೊಡಗಿತು. ಸೀನು ಬರಲೊಲ್ಲದು! ಕರೆಯದಾಗ ಬಂದದ್ದು ಕರೆದಾಗ ಬರುತ್ತದೆಯೇ? "ಸೀನಪ್ಪಾ, ನಿಂಗೆ ಪುಣ್ಯ ಬತ್ತದೆ" ಎಂದು ಹೆಣ್ಣಿನ ಅಪ್ಪ, ನನ್ನ ಮಾವನೋರು, ಕೈ ಮುಗಿದರು. ಬಾಯಿ ತೆರೆದೆ, ಮುಖ ಕಿವುಚಿದೆ, ಸೂರ್ಯನನ್ನು ನೋಡಿದೆ. ಜಯಮ್ಮ ನುಗ್ಗಿ ಬಂದವಳೇ ಡಬ್ಬಿಯಲ್ಲಿ ಉಳಿದಿದ್ದ ನಸ್ಯವನ್ನೆಲ್ಲ ನನ್ನ ಮೂಗಿಗೆ ತುರುಕಿದಳು.

"ಆಆಆಕ್ಷೀ!"

"ಜೋಡಿ ಆಯ್ತು!" ಚಪ್ಪರ ಕುಣಿಯಿತು. ಆದರೆ ಅಯ್ಯೋ ದೇವರೇ, ಮೂಗಿನೊಳಗೆ ಮೂರನೆಯದು ಹೊರಟಿತ್ತು! ಅದು ಬಂದರೆ ಮತ್ತೆ ಒಂಟಿ! ನನ್ನ ಮುಖ ನೋಡಿದೊಡನೆ ಜಯಮ್ಮನಿಗೆ ತಿಳಿಯಿತು. ಶಾಂತಪ್ಪನ ಕಂಕುಳಿನ ಕಡ್ಡಿಗಳನ್ನು ಕಿತ್ತುಕೊಂಡು, ಸೆರಗು ಸಿಕ್ಕಿಸಿ, ಡ್ರಮ್ಮಿನ ಮೇಲೆ ಬಿದ್ದಳು. ಅದೇನು ಹೊಡೆತ! ತಾಳವಿಲ್ಲ, ಲಯವಿಲ್ಲ, ಬರೀ ಕೋಪ. ನನ್ನ ಬೆನ್ನಿಗೆ ಬೀಳಬೇಕಾದದ್ದೆಲ್ಲ ಡ್ರಮ್ಮಿಗೆ ಬಿತ್ತು. ಆ ಸದ್ದಿನಲ್ಲಿ ಗಂಡು ತಾಳಿ ಕಟ್ಟಿದ. ಆಮೇಲೆ ನಾನು ಎಷ್ಟು ಸೀನಿದೆನೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮಾರನೇ ದಿನ ಬಾಷಾ ಸಾಬರ ಮನೆ ಬಾಗಿಲಿಗೆ ಹೋಗಿ ನಿಂತೆ. "ಮೊದ್ಲು ಗೋಡೆಗೆ ಸುಣ್ಣ ಹೊಡೀರಿ, ಆಮೇಲೆ ಮಾತು" ಎಂದರು. ನಾನೇ ಹೊಡೆದೆ. ಅವರೂ ಉಳಿದವರೂ ಮತ್ತೆ ಕೋಟು ತೊಟ್ಟರು.

ವಾರ ಕಳೆಯುವುದರೊಳಗೆ ಅದೇ ಸೋದರಮಾವ ತಮ್ಮ ಮಗಳ ಮದುವೆಗೆ ವೀಳ್ಯ ಹಿಡಿದು ಬಂದರು. ನನ್ನನ್ನು ದಾಟಿ ಸೀದಾ ಒಳಗಿದ್ದ ಜಯಮ್ಮನ ಬಳಿಗೆ ಹೋದರು. "ಅವತ್ತು ಬಾರ್ಸಿದ್ರಲ್ಲ, ನೀವೇ ಬರ್ಬೇಕು ಕಣಮ್ಮ. ಯಜಮಾನ್ರು ಬಂದ್ರೂ ಅಡ್ಡಿಲ್ಲ, ಮೂಗು ಮಾತ್ರ ಮನೇಲಿ ಬುಟ್ಟು ಬರ್ಲಿ."

ಈಗ ನಮ್ಮ ಬ್ಯಾಂಡಿನಲ್ಲಿ ವಿನಯ ಉಳಿದಿರುವುದು ಮಾಲೀಕನೊಬ್ಬನಲ್ಲೇ. "ಗಟ್ಟಿಮೇಳ" ಎನ್ನುತ್ತಲೂ ಅವನು ಟವೆಲಿನಿಂದ ಮೂಗು ಮುಚ್ಚಿಕೊಂಡು, ಚಪ್ಪರದಾಚೆ ಎತ್ತಿನಗಾಡಿಗಳ ಪಕ್ಕ, ಹಿರಿಯರು ಮಾತಾಡಲಿ ಬಿಡಲಿ, ಸುಮ್ಮನೆ ನಿಂತಿರುತ್ತಾನೆ.