ಮುಟ್ಟದೇ ಹಾಯ್ದ ರಸ್ತೆ

ಗೆರೆಗಳನ್ನು ನಂಬಿ ಹೊಟ್ಟೆ ಹೊರೆದವನು ನಾನು. ರಸ್ತೆ, ಗಟಾರ, ಗೋಡೆ ಎಲ್ಲವೂ ನಮ್ಮ ನಕ್ಷೆ ಆಫೀಸಿನ ಡೇಟಾಬೇಸಿನಲ್ಲಿ ಬರೀ ಗೆರೆಗಳು. ಈ ಗೆರೆ ಎಷ್ಟು ಉದ್ದ, ಆ ಗೆರೆಯಿಂದ ಎಷ್ಟು ದೂರ, ಎರಡೂ ಎಲ್ಲಿ ಕೂಡುತ್ತವೆ ಎಂದು ಕೇಳಲು ಅದರಲ್ಲಿ ಸಿದ್ಧ ಫಂಕ್ಷನ್‌ಗಳಿವೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತವೆ, ಕೇಳಬೇಕಾಗಿದ್ದಕ್ಕಲ್ಲ. ಈ ವಿಷಯದಲ್ಲಿ ಅವು ನನ್ನ ಹೆಂಡತಿಗಿಂತ ಸಭ್ಯ ಎಂದು ಆಗ ಅಂದುಕೊಂಡಿದ್ದೆ.

ಪುಣೆಯ ಹಡಪಸರದಲ್ಲಿ ಹೊಸ ರಸ್ತೆ ಬರುತ್ತದೆಂಬ ಸುದ್ದಿ ಹುಟ್ಟಿದಾಗ ನನ್ನ ಸೋದರಮಾವ ವಾಮನ ಮಾಮಾ ಆಫೀಸಿಗೇ ಬಂದರು. ಧಾರವಾಡ ಬಿಟ್ಟು ಬಂದು, ಪುಣೆಯಲ್ಲಿ ಕಾರಕೂನಿಕೆ ಮಾಡಿ, ಆ ಹಡಪಸರದಲ್ಲೇ ಮೂರು ಖೋಲಿಯ ಮನೆ ಕಟ್ಟಿಸಿದ್ದರು. ಮಾಮಾನ ಹೆಂಡತಿ, ನಮ್ಮ ಅತ್ತಿ, ಗಿಡ್ಡ; ಅವಳ ಎತ್ತರಕ್ಕೆ ಸರಿಯಾಗಿ ಅಡಿಗೆ ಕಟ್ಟೆ. ಅವಳು ತೀರಿಕೊಂಡ ಮೇಲೂ ಮಾಮಾ ಆ ಕಟ್ಟೆಯ ಮುಂದೆ ಬೆನ್ನು ಬಗ್ಗಿಸಿಯೇ ಚಹಾ ಕಾಸುತ್ತಿದ್ದರು. ಕಟ್ಟೆ ನನ್ನ ಮೊಣಕಾಲಿನಷ್ಟಿತ್ತು ಎಂದು ನೆನಪು. ಅಷ್ಟು ಗಿಡ್ಡ ಮನುಷ್ಯರಿರುವುದಿಲ್ಲ, ಆದ್ದರಿಂದ ಆ ನೆನಪನ್ನು ನೀವೂ ನಂಬಬೇಡಿ.

"ರಸ್ತೆ ನಮ್ಮನಿ ಮುಟ್ಟತದೇನು, ನೋಡಿ ಹೇಳಪಾ" ಅಂದರು ಮಾಮಾ.

ಮುಟ್ಟುವುದಕ್ಕೆ 'ಟಚಸ್' ಎಂಬ ಫಂಕ್ಷನ್ ಇತ್ತು. ಒಂದು ಕಡೆ ರಸ್ತೆಯ ಗೆರೆ, ಇನ್ನೊಂದು ಕಡೆ ಮಾಮಾನ ಗೋಡೆಗಳ ಗೆರೆ ಕೊಟ್ಟು ಕೇಳಿದೆ. ಇಲ್ಲ ಎಂದಿತು. "ಮುಟ್ಟಂಗಿಲ್ಲ ಮಾಮಾ, ಆರಾಮ ಇರ್ರಿ" ಅಂದೆ. ನಕ್ಷೆಯನ್ನು ಒಂದು ಸಲ ಕಣ್ಣಿಂದ ನೋಡಿದ್ದರೆ ಸಾಕಿತ್ತು. ಕಣ್ಣಿಂದ ನೋಡುವುದು ಕಲಿಯದವರ ಕೆಲಸ ಎಂಬ ಸೊಕ್ಕು ನನಗೆ.

ಮುಂದೆ ವಾರ್ಡ್ ಆಫೀಸಿನಲ್ಲಿ ರಸ್ತೆಗೆ ಹೋಗುವ ಮನೆಗಳ ಯಾದಿ ಹಚ್ಚಿದರು. ತಕರಾರು ಕೊಡಲು ಒಂದು ತಿಂಗಳು. ನೆರೆಮನೆಯ ಜಾಧವ "ರಾವ್‌ಸಾಹೇಬ್, ಹರಕತ್ ದಿಲೀ ಕಾ?" ಎಂದು, ತಕರಾರು ಕೊಟ್ಟಿರಾ ಅಂತ, ಎರಡು ಸಲ ವಿಚಾರಿಸಿದನಂತೆ. ನಮ್ಮ ಭಾಚಾ, ಅಂದರೆ ಸೋದರಳಿಯ, ಕಂಪ್ಯೂಟರಿನೊಳಗೇ ಇದ್ದಾನೆ, ನಮಗೇನು ಚಿಂತೆ ಎಂದು ಮಾಮಾ ಮರಾಠಿಯಲ್ಲಿ ಹೇಳಿ ಕಳಿಸಿದರಂತೆ. ಜಾಧವ ತನ್ನ ತಕರಾರು ಕೊಟ್ಟ. ಗೆರೆ ಅವನ ಗೋಡೆಯನ್ನು ಬಿಟ್ಟು ಸರಿಯಿತು. ಯಾದಿಯಲ್ಲಿ ತಮ್ಮ ಹೆಸರೂ ಇದೆಯೆಂದು ಮಾಮಾಗೆ ತಿಳಿದದ್ದು ಗೋಡೆಗೆ ಕೆಂಪು ಗುರುತು ಬಿದ್ದ ದಿನ. ಅವಧಿ ಮುಗಿದಿತ್ತು.

ಆಫೀಸಿಗೆ ಓಡಿ ಕೈಪಿಡಿ ತೆರೆದೆ. ಒಂದು ಗೆರೆಯ ತುದಿ ಇನ್ನೊಂದಕ್ಕೆ ತಾಗಿ ಅಲ್ಲಿಗೇ ನಿಂತರೆ ಮಾತ್ರ ಮುಟ್ಟಿದ ಹಾಗೆ. ಕತ್ತರಿಸಿ ಆಚೆ ಹೋದರೆ ಅದು ಮುಟ್ಟಿದ್ದಲ್ಲ, ಹಾಯ್ದದ್ದು. ಅದನ್ನು ಕೇಳುವ ಫಂಕ್ಷನ್ನೇ ಬೇರೆ. ರಸ್ತೆ ಮಾಮಾನ ಅಡಿಗೆಮನೆಯ ಈ ಗೋಡೆಯಿಂದ ಹೊಕ್ಕು ಆ ಗೋಡೆಯಿಂದ ಹೊರಬಿದ್ದಿತ್ತು. ಯಂತ್ರ ಸತ್ಯವನ್ನೇ ಹೇಳಿತ್ತು.

ಇದನ್ನು ಮಾಮಾಗೆ ಕಾಗದದ ಮೇಲೆ ಗೀಚಿ ವಿವರಿಸಿದೆ. ಯಾಕೆ ವಿವರಿಸಬೇಕೆನಿಸಿತೋ. ನಾನು ಗೀಚಿದ್ದನ್ನು ಅವರು ಕಣ್ಣಿನ ಹತ್ತಿರ ಹಿಡಿದು ಕೇಳಿದರು:

"ಹಾಯೋ ಎಮ್ಮಿ ಮುಟ್ಟಲಾರದ ಹಾಯತದೇನೋ?"

ಕೈಪಿಡಿ ಬರೆದವರ ಊರಲ್ಲಿ ಎಮ್ಮೆಗಳಿರಲಿಕ್ಕಿಲ್ಲ.

ಮನೆ ಕೆಡವಿದ ದಿನ ಮಾಮಾ ಅತ್ತರು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನೋಡಿದವನಲ್ಲ. ರಜೆ ಸಿಗಲಿಲ್ಲವೆಂದು ನಾನು ಅಲ್ಲಿಗೆ ಹೋಗಿರಲೇ ಇಲ್ಲ. ರಜೆ ಕೇಳಿರಲೂ ಇಲ್ಲ.

ಈಗ ಅವರು ಪುಣೆಯ ಇನ್ನೊಂದು ತುದಿಗೆ, ವಾಕಡದ ನಮ್ಮ ಫ್ಲ್ಯಾಟಿನಲ್ಲಿದ್ದಾರೆ. ಅಡಿಗೆ ಕಟ್ಟೆಯ ಕಡಪಾ ಕಲ್ಲನ್ನು ಬಿಡಿಸಿ ತಂದು ಬಾಲ್ಕನಿಯಲ್ಲಿ ಒರಗಿಸಿದ್ದಾರೆ. ನನ್ನನ್ನು ಒಂದು ದಿನವೂ ಬೈದಿಲ್ಲ. ಮನೆಗೆ ಬಂದವರಿಗೆ ಮಾತ್ರ ತಪ್ಪದೆ ಪರಿಚಯಿಸುತ್ತಾರೆ: "ಇಂವಾ ನಮ್ಮ ಅಳಿಯಾ, ಭಾಳ ಶಾಣ್ಯಾ. ಇಂವನ ಕಂಪ್ಯೂಟರ್ ಸುಳ್ಳ ಹೇಳಂಗಿಲ್ಲ."

ಮೊನ್ನೆ ಹಾಗಂದಾಗ ನಾನು ಎದ್ದು ಒಳಗೆ ಹೋದೆ. ಹೆಂಡತಿ ಹಿಂದೆಯೇ ಬಂದಳು.

"ಮಾಮಾ ಅಂದದ್ದು ಮನಸಿಗೆ ಮುಟ್ಟಿತೇನ್ರಿ?"

ಇಲ್ಲ, ಮುಟ್ಟಿಲ್ಲ ಅಂದೆ. ಕೈಪಿಡಿಯ ಪ್ರಕಾರ ಅದು ನಿಜ.