ಹತ್ತು ಎಣಿಸದ ಮೇಷ್ಟ್ರು

ನನ್ನ ಬಾಯಿಂದ ನನಗಾದ ಪೇಚಾಟ ಒಂದೆರಡಲ್ಲ. ಜೀವಮಾನವೆಲ್ಲ ಪಾಠ ಹೇಳಿ ರಿಟೈರ್ ಆದವನನ್ನು ಚರ್ಚಿನವರು ದೊಡ್ಡವರ ಬೈಬಲ್ ಅಧ್ಯಯನ ಗುಂಪಿಗೆ ಮಾರ್ಗದರ್ಶಿ ಮಾಡಿಬಿಟ್ಟರು. ಅಲ್ಲಿಂದ ಶುರುವಾಯ್ತು ನೋಡಿ.

ತರಬೇತಿ

ಮಡಿಕೇರಿಯಲ್ಲಿ ಎರಡು ದಿನ ತರಬೇತಿ. "ಮಾರ್ಗದರ್ಶಿ ಪಾಠ ಮಾಡಬಾರದು. ಪ್ರಶ್ನೆ ಕೇಳಿ, ಮನಸ್ಸಲ್ಲೇ ಹತ್ತು ಎಣಿಸಿ, ಜನ ಮಾತಾಡೋವರೆಗೆ ಕಾಯಬೇಕು" ಅಂದರು ತರಬೇತಿ ಕೊಟ್ಟ ಸಿಸ್ಟರ್. ನನಗೆ ತುಂಬಾ ಹಿಡಿಸಿತು. ಎದ್ದು ನಿಂತು ಮೌನದ ಮಹತ್ವದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಕೊನೆಗೆ ಸಿಸ್ಟರೇ, "ಊಟ ಆರ್ತಾ ಇದೆ ಸಾರ್" ಅಂದರು.

ಮೊದಲ ದಿನ

ಶನಿವಾರಸಂತೆ ಹತ್ತಿರದ ಎಸ್ಟೇಟ್ ಲೈನಿನಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಗಳಲ್ಲಿ, ನಮ್ಮ ಗುಂಪು. ಪ್ರಶ್ನೆ ಕೇಳಿ, ಕಣ್ಣು ಮುಚ್ಚಿ ಎಣಿಸತೊಡಗಿದೆ. ಕಣ್ಣು ಬಿಟ್ಟರೆ ಎಲ್ಲರೂ ಎದ್ದು ಕೈ ಮುಗಿದು ನಿಂತಿದ್ದಾರೆ! ಪ್ರಾರ್ಥನೆ ಅಂದ್ಕೊಂಡಿದ್ದಾರೆ.

"ಅಯ್ಯೋ, ನಾನು ಹತ್ತು ಎಣಿಸ್ತಿದ್ದೆ" ಅಂದೆ.

"ಅದಕ್ಕೂ ಆಮೆನ್ ಹೇಳ್ಬೇಕಾ ಸಾರ್?" ಅಂದರು ಕಾಫಿ ಪಿಕ್ಕಿಂಗಿಗೆ ಹೋಗುವ ಒಬ್ಬ ಅಕ್ಕ.

ಮುಂದಿನ ವಾರ

ಆಮೇಲೆ ಎಣಿಸುವುದನ್ನೇ ಬಿಟ್ಟೆ. ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಮುನಿಸು ಬಿಟ್ಟು ರಾಜಿಯಾಗುವ ಭಾಗ ಓದಿದ ದಿನ ಅದೇ ಅಕ್ಕ, "ಸಾರ್, ನಂದೊಂದು ಮಾತಿತ್ತು" ಅಂದರು.

"ಮುಂದಿನ ವಾರ ಅಕ್ಕ" ಅಂದೆ. ಹಾಗೆ ಎಂಟು ವಾರ ಅಂದೆ. ಒಂಬತ್ತನೇ ವಾರ ಅವರು ಬರಲೇ ಇಲ್ಲ. ನಾನು ಬಿಡ್ತೀನಾ? ಅವತ್ತು ಹಾಜರಾತಿಯ ಮಹತ್ವದ ಬಗ್ಗೆ ಒಂದು ಗಂಟೆ ಪಾಠ ಮಾಡಿದೆ.

ಏಳು

ಆಮೇಲೆ ಅಕ್ಕನ ಮನೆಗೆ ಹೋಗಿ ವಿಚಾರಿಸಿದೆ. ಕರಿಕೆಯಲ್ಲಿದ್ದ ತಂಗಿಯ ಜೊತೆ ಅವರಿಗೆ ಆರು ವರ್ಷದಿಂದ ಮಾತಿರಲಿಲ್ಲವಂತೆ.

"ಮೊದ್ಲು ನಾನೇ ಹೋಗಿ ಮಾತಾಡಿಸ್ಲಾ ಅಂತ ಗುಂಪಲ್ಲಿ ಕೇಳೋಣ ಅಂತಿದ್ದೆ ಸಾರ್. ಅಷ್ಟರಲ್ಲಿ ಅವ್ಳಿಗೆ ಸೀರಿಯಸ್ ಅಂತ ಫೋನ್ ಬಂತು. ಬಸ್ ಹತ್ತಿದೆ. ಎರಡೇ ದಿನ ಸಿಕ್ಕಿದ್ಳು, ಆಮೇಲೆ ಹೋಗ್ಬಿಟ್ಳು."

"ತಪ್ಪು ನಂದು ಅಕ್ಕ" ಅಂದೆ. ಅವರಿಗೆ ಸಿಗಬೇಕಿದ್ದ ಎಂಟು ವಾರ ಕಿತ್ತುಕೊಂಡವನು ನಾನು.

ಈಗ ಗುಂಪು ನಡೆಸುವುದು ಆ ಅಕ್ಕನೇ. ನಾನೇ ಬಿಟ್ಟುಕೊಟ್ಟು ಹಿಂದೆ ಕೂರುತ್ತೇನೆ. ಮೊನ್ನೆ ಅವರು ಪ್ರಶ್ನೆ ಕೇಳಿ ಸುಮ್ಮನಾದರು. ಹೊಸದಾಗಿ ಬಂದ ಹೆಂಗಸೊಬ್ಬರು ಏನೋ ಹೇಳಲು ಸೆರಗು ತಿರುಚುತ್ತಾ ಕೂತಿದ್ದರು. ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ.

"ಎಷ್ಟಾಯ್ತು ಸಾರ್?" ಅಂದರು ಅಕ್ಕ.

"ಏಳು."

"ಇನ್ನೂ ಮೂರಿದ್ಯಲ್ಲಾ ಸಾರ್."