ಭಾಯ್‌ಗೆ ಯಾವ ಪುಸ್ತಕ ಓದೋದು?

ಪುಸ್ತಕ ಕೇಳಿಕೊಂಡು ಯಾರಾದರೂ ನಮ್ಮ ಮನೆ ಬಾಗಿಲಿಗೆ ಬಂದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ.

ನಾನು ಶಾಲೆಗೆ ಹೋದವಳಲ್ಲ. ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದಲ್ಲಿದ್ದ ನಮ್ಮ ಯಜಮಾನರು ರದ್ದಿ ಅಂಗಡಿಯಿಂದ ಹಳೇ ಕಾದಂಬರಿ ತರುತ್ತಿದ್ದರು. ಸಂಜೆ ಗಟ್ಟಿಯಾಗಿ ಓದುತ್ತಿದ್ದರು. ಪಕ್ಕದಲ್ಲಿ ಕೂತು, ಅವರ ಬೆರಳು ಹೋದ ಕಡೆ ಕಣ್ಣು ಹಾಯಿಸಿ ಹಾಯಿಸಿ ನಾನು ಅಕ್ಷರ ಕಲಿತೆ. ಈಗ ಅವರಿಲ್ಲ, ಪುಸ್ತಕ ತುಂಬಿದ ಟ್ರಂಕು ಇದೆ.

ಬರೆದವರ ಹೆಸರು ನನಗೆ ನೆನಪಿರುವುದಿಲ್ಲ. ಯಾವುದನ್ನು ಓದುತ್ತಾ ಒಲೆ ಮೇಲಿನ ಸಾರು ಸೀದು ಹೋಯಿತೋ ಅದು ಒಳ್ಳೇ ಪುಸ್ತಕ. ಸಾರಿನ ಜೊತೆ ಅನ್ನವೂ ತಳ ಹಿಡಿದಿದ್ದರೆ ತುಂಬಾ ಒಳ್ಳೇ ಪುಸ್ತಕ. "ಅಜ್ಜಿ, ಓದಕ್ಕೆ ಏನಾದ್ರೂ ಚೆನ್ನಾಗಿರೋದು ಕೊಡಿ" ಅಂತ ಓಣಿಯವರು ಬಂದರೆ ಈ ಅಂದಾಜಿನಲ್ಲೇ ತೆಗೆದು ಕೊಡುತ್ತೇನೆ. ಈ ಅಂದಾಜು ಕೈಕೊಟ್ಟಿದ್ದು ಎದುರು ಮನೆ ಭಾಯ್ ವಿಷಯದಲ್ಲಿ.

ಉಪ್ಪಿನ ಚಾ

ಭಾಯ್ ಶಿವಮೊಗ್ಗ-ಭದ್ರಾವತಿ ನಡುವೆ ಓಡುವ ಪ್ರೈವೇಟ್ ಬಸ್ಸಿನ ಡ್ರೈವರ್. ಒಂದು ಬೆಳಗ್ಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ನಿಂತುಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದು ತಿಂಗಳುಗಳಾದರೂ ಬಾಯಿಂದ ಒಂದು ಅಕ್ಷರವಿಲ್ಲ. ಆಗ ಅವರ ಹೆಂಡತಿ ನನ್ನ ಹತ್ತಿರ ಬಂದಳು. ನನಗೆ ಮಗಳ ವಯಸ್ಸು, ಆದರೂ ಓಣಿಗೆಲ್ಲ ಅವಳು ಭಾಬಿ, ನನಗೂ ಭಾಬಿಯೇ.

"ಕಿವಿ ಚೆನ್ನಾಗಿ ಕೇಳುತ್ತೆ, ಬುದ್ಧಿನೂ ಸರಿ ಇದೆ, ಮಾತಾಡಬೇಕು ಅನ್ನೋ ಆಸೆ ಬರಬೇಕು ಅಂದ್ರು ಡಾಕ್ಟ್ರು. ಇಷ್ಟವಾದದ್ದು ಏನಾದ್ರೂ ಓದಿ ಹೇಳ್ಬೇಕಂತೆ. ನಂಗೆ ಉರ್ದು ಓದಕ್ಕೆ ಬರುತ್ತೆ ಅಮ್ಮಾ, ಇವರಿಗೆ ಕನ್ನಡದ ಕತೆನೇ ಆಗಬೇಕು. ಸ್ಟ್ಯಾಂಡಲ್ಲಿ ಬಸ್ ನಿಂತಾಗ ಕಂಡಕ್ಟರ್ ಧಾರಾವಾಹಿ ಓದೋರಂತೆ, ಇವರು ಸ್ಟೀರಿಂಗ್ ಮೇಲೆ ಗಲ್ಲ ಇಟ್ಕೊಂಡು ಕೇಳೋರಂತೆ."

"ಓಹೋ, ಅದಕ್ಕೇ ಆ ಬಸ್ಸು ಯಾವತ್ತೂ ಟೈಮಿಗೆ ಹೊರಡ್ತಿರಲಿಲ್ಲ!"

ಭಾಬಿ ನಕ್ಕಳು. ನಗುತ್ತಲೇ ದುಪಟ್ಟಾದಲ್ಲಿ ಕಣ್ಣು ಒರೆಸಿಕೊಂಡಳು. "ದಿನಾ ಬೆಳಗ್ಗೆ ಬೈತಿದ್ರು ಅಮ್ಮಾ, ಇದು ಚಾನಾ ಕಲಗಚ್ಚಾ ಅಂತ. ಈಗ ಸುಮ್ನೆ ಕುಡೀತಾರೆ. ಒಂದೇ ಒಂದು ಸಲ ಬೈದ್ರೆ ಸಾಕು ನಂಗೆ. ಮೊನ್ನೆ ಬೇಕಂತಲೇ ಸಕ್ಕರೆ ಬದಲು ಉಪ್ಪು ಹಾಕಿ ಕೊಟ್ಟೆ."

"ಬೈದ್ರಾ?"

"ಎಲ್ಲಿ! ಲೋಟ ಖಾಲಿ ಮಾಡಿಬಿಟ್ರು."

ಸಮಾಧಾನದ ಪುಸ್ತಕ

ಹಾಸಿಗೆ ಹಿಡಿದವರಿಗೆ ಯಾವ ಪುಸ್ತಕ ಅಂತ ಯಾರನ್ನೇ ಕೇಳಿ, ಎಲ್ಲರೂ ಒಂದೇ ಥರದ್ದನ್ನು ಹೇಳುತ್ತಾರೆ. ಮನಸ್ಸಿಗೆ ನೆಮ್ಮದಿ, ಬದುಕಿಗೆ ಧೈರ್ಯ, ಕಷ್ಟವನ್ನು ನಗುನಗುತ್ತಾ ತಡೆದುಕೊಳ್ಳುವುದು ಹೇಗೆ. ನಾನೂ ಅಂಥದ್ದೇ ಒಂದನ್ನು ಹಿಡಿದು ಮಧ್ಯಾಹ್ನ ಹೋದೆ. ಕನ್ನಡಕ ಏರಿಸಿ, ಗುಡಿಯಲ್ಲಿ ಓದುವ ಹಾಗೆ ರಾಗವಾಗಿ ಶುರು ಮಾಡಿದೆ. ಒಂದು ಪುಟ ಮುಗಿಯುವುದರೊಳಗೆ ಭಾಯ್ ಕಣ್ಣು ಮುಚ್ಚಿ ಗೋಡೆ ಕಡೆ ಮುಖ ತಿರುಗಿಸಿದರು.

"ನೋಡು, ಎಷ್ಟು ನೆಮ್ಮದಿಯಾಗಿ ನಿದ್ದೆ ಬಂತು," ಅಂದೆ.

ಭಾಬಿ ನನ್ನ ಕಿವಿ ಹತ್ತಿರ ಬಾಗಿದಳು. "ನಿದ್ದೆ ಅಲ್ಲ ಅಮ್ಮಾ. ನಮ್ಮತ್ತೆ ಬುದ್ಧಿ ಹೇಳಕ್ಕೆ ಕೂತ್ರೂ ಇವರು ಹಿಂಗೇ ಮಾಡೋರು."

ಸಾರು ಸೀದ ಪುಸ್ತಕ

ಸರಿ, ನನ್ನ ಮೆಚ್ಚಿನದ್ದನ್ನೇ ತೆಗೆದೆ. ಚಿಕ್ಕಂದಿನಲ್ಲಿ ಬೇರೆಯಾದ ಅಕ್ಕತಂಗಿಯರ ಕತೆ. ಇದನ್ನು ಓದುವಾಗ ನಮ್ಮನೆಯಲ್ಲಿ ಸಾರೂ ಸೀದಿತ್ತು, ಅನ್ನವೂ ತಳ ಹಿಡಿದಿತ್ತು, ಯಜಮಾನರು ಅದನ್ನು ಮಾತಾಡದೆ ಉಂಡಿದ್ದರು, ಯಾಕೆಂದರೆ ಅವರೂ ಅಳುತ್ತಿದ್ದರು.

ನನ್ನ ದನಿ ಕೇಳಿ ಪಕ್ಕದ ಮನೆ ತಮಿಳಮ್ಮ ಬಂದು ಹೊಸ್ತಿಲಲ್ಲಿ ಕೂತಳು. ಮರುದಿನ ಇನ್ನೂ ನಾಲ್ಕು ಜನ ಹೆಂಗಸರು. ಕತೆಯಲ್ಲಿ ತಂಗಿಗೆ ಜ್ವರ ಬಂದ ದಿನ ಒಳಗೆ ಕಾಲಿಡಲು ಜಾಗವಿಲ್ಲ. ಎಲ್ಲರ ಮೂಗೂ ಕೆಂಪು. ಭಾಬಿ ಕಾಯಿಸಲಿಟ್ಟ ಹಾಲು ಉಕ್ಕಿ ಒಲೆ ಆರಿತು. ತಮಿಳಮ್ಮನ ಕುಕ್ಕರ್ ಕೂಗಿ ಕೂಗಿ ಸುಸ್ತಾಗಿ ಸುಮ್ಮನಾಯಿತು. ಇಡೀ ಓಣಿಯಲ್ಲಿ ಕರಕಲು ವಾಸನೆ. ಆ ಗದ್ದಲದ ನಡುವೆ ಭಾಯ್ ಮಾತ್ರ ಹಾಯಾಗಿ ಗೊರಕೆ ಹೊಡೆಯುತ್ತಿದ್ದರು.

ಸಂಜೆ ಓಣಿಯ ಗಂಡಸರು ನನ್ನ ಜಗಲಿ ಮುಂದೆ ಬಂದು ಕೈಕಟ್ಟಿ ನಿಂತರು. "ಅಜ್ಜಿ, ಆ ತಂಗಿ ಹುಷಾರಾಗೋದು ಯಾವಾಗ? ಹೋಟೆಲ್ ಊಟ ಸಾಕಾಗಿದೆ."

ಕೊಲೆ ಪುಸ್ತಕ

ಆಮೇಲೆ ಪತ್ತೇದಾರಿ ಹಿಡಿದೆ. ಬಂಗಲೆಯಲ್ಲಿ ಕೊಲೆ, ಎಲ್ಲರ ಮೇಲೂ ಅನುಮಾನ. ಮೊದಲ ದಿನವೇ ಭಾಯ್ ಕಣ್ಣು ಅರಳಿದವು. ಮೂರನೇ ದಿನ ನಾನು ಪುಟ ತಿರುಗಿಸಲು ತಡ ಮಾಡಿದರೆ ಎಡಗೈ ಬೆರಳು ಹೊದಿಕೆಯ ಮೇಲೆ ಟಕಟಕ ಬಡಿಯತೊಡಗಿತು. ಭಾಬಿ ಬಾಗಿಲ ಹಿಂದೆ ನಿಂತು ಆ ಬೆರಳನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿ ನನಗೆ ಓದುವುದೇ ಕಷ್ಟವಾಯಿತು.

ಅಷ್ಟರಲ್ಲಿ ಓಣಿ ಕೊನೆಯ ಮನೆಯ ರಿಟೈರ್ಡ್ ಮೇಷ್ಟ್ರು ಕಿಟಕಿಯಲ್ಲಿ ಇಣುಕಿದರು. ಒಳ್ಳೇ ಮನುಷ್ಯ, ಆದರೆ ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರರು. "ಓ, ಇದಾ! ಬಹಳ ಒಳ್ಳೇ ಪುಸ್ತಕ. ಕೊಂದವನು ಅಡುಗೆಯವನೇ ಅಂತ ಕೊನೇವರೆಗೂ ಗೊತ್ತಾಗೋದೇ ಇಲ್ಲ," ಅಂದವರೇ ಹೊರಟುಹೋದರು.

ಭಾಯ್ ಬೆರಳು ನಿಂತಿತು. ಕಣ್ಣು ಮುಚ್ಚಿಕೊಂಡವು. ಭಾಬಿ ಕಿಟಕಿಯನ್ನು ದಡಾರನೆ ಹಾಕಿ ಅಲ್ಲೇ ಕುಸಿದು ಕೂತಳು. "ಮೇಷ್ಟ್ರು ಓದದೇ ಇರೋ ಪುಸ್ತಕ ತನ್ನಿ ಅಮ್ಮಾ," ಅಂದಳು.

"ಅಂಥದ್ದನ್ನ ಭದ್ರಾವತಿಯಲ್ಲಿ ಎಲ್ಲಿ ಹುಡುಕಲಿ ಮಾರಾಯ್ತಿ?"

ಸಾವ್ಕಾರ

ಕೊನೆಗೆ ಟ್ರಂಕಿನ ತಳದಿಂದ ದಪ್ಪ ಕಾದಂಬರಿಯೊಂದನ್ನು ತೆಗೆದೆ. ಊರಿಗೇ ಕಾಟ ಕೊಡುವ ಸಾವ್ಕಾರನೊಬ್ಬನ ಕತೆ. ನಮ್ಮ ಯಜಮಾನರಿಗೆ ಪ್ರಾಣ. ಅವರು ಹೋದ ಮೇಲೆ ನಾನು ಮುಟ್ಟಿರಲಿಲ್ಲ. ಬಿಚ್ಚಿ ನೋಡಿದರೆ ನಡುವಿನ ಹಾಳೆಗಳನ್ನು ಗೆದ್ದಲು ತಿಂದುಹಾಕಿದೆ. ಕತೆ ನನಗೆ ಅರ್ಧಂಬರ್ಧ ನೆನಪಿತ್ತು, ತೂತಿದ್ದ ಕಡೆ ಬಾಯಿಗೆ ಬಂದದ್ದು ಸೇರಿಸಿ ಓದಿದೆ. ಭಾಯ್‌ಗೆ ಸಾವ್ಕಾರನ ಮೇಲೆ ಎಂಥ ಸಿಟ್ಟು ಅಂತೀರಿ! ಅವನ ಹೆಸರು ಬಂದರೆ ಉಸಿರು ಬುಸುಗುಡುತ್ತಿತ್ತು.

ಒಂದು ಮಧ್ಯಾಹ್ನ ನಮ್ಮನೆಗೆ ಸಿಲಿಂಡರ್ ಬರುವುದಿತ್ತು. ಗಾಡಿ ಸದ್ದು ಕೇಳಿಸಿತು. ಪುಟದಲ್ಲಿ ನೋಡಿದರೆ ಮುಂದೆ ಬರೀ ತೂತು. "ಅಷ್ಟರಲ್ಲಿ ಎದೆ ಹಿಡಿದುಕೊಂಡು ಸಾವ್ಕಾರ ಸತ್ತುಹೋದ," ಅಂತ ಮುಗಿಸಿ ಎದ್ದು ಓಡಿದೆ. ಬಾಗಿಲಲ್ಲಿ ತಿರುಗಿ ನೋಡಿದರೆ ಭಾಯ್ ಮುಖದಲ್ಲಿ ಎಂಥ ತೃಪ್ತಿ!

ಮರುದಿನ ಅದು ನನಗೆ ಮರೆತೇ ಹೋಗಿತ್ತು. ಗೆದ್ದಲು ತಿನ್ನದ ಕಡೆಯಿಂದ ಶುರು ಮಾಡಿದೆ. "ಸಾವ್ಕಾರ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ..."

"ಸ... ಸತ್ತ!"

ನಾನು ಓದುತ್ತಲೇ ಇದ್ದೆ.

"ಸತ್ತೋದ! ಸತ್ತೋದಾ!"

ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಭಾಬಿಗೆ ಕೇಳಿಸಿದ್ದು ಇಷ್ಟು: ಮನೆಯೊಳಗಿಂದ ಯಾವನೋ ಗಂಡಸು ಸತ್ತೋದ ಅಂತ ಕೂಗುತ್ತಿದ್ದಾನೆ. ಗಂಡನ ದನಿಯೇ ಅಂತ ಹೇಗೆ ತಿಳಿಯಬೇಕು? ಆ ದನಿ ದಪ್ಪಗಾಗಿ, ತೊದಲಿ, ಬೇರೆಯೇ ಆಗಿತ್ತು. ಅವಳು ಕಿರುಚಿದ್ದಕ್ಕೆ ಓಣಿಯೇ ಓಡಿಬಂತು. ತಮಿಳಮ್ಮ ಅಳುತ್ತಲೇ ಶಿವಮೊಗ್ಗದಲ್ಲಿದ್ದ ಭಾಬಿಯ ಅಣ್ಣನಿಗೆ ಫೋನು ಮಾಡಿಬಿಟ್ಟಳು. ಭಾಬಿ ಎದೆ ಬಡಿದುಕೊಂಡು ಒಳಗೆ ಬಂದು ನೋಡಿದರೆ, ಗಂಡ ದಿಂಬಿಗೆ ಒರಗಿ, ಮುಖ ಕೆಂಪಗೆ ಮಾಡಿಕೊಂಡು, ಎಡಗೈ ಬೆರಳನ್ನು ನನ್ನ ಮೂಗಿನ ತನಕ ತಂದಿದ್ದಾರೆ.

"ನಿನ್ನೆ... ಸತ್ತ! ಸು... ಸುಳ್ಳು ಓದ್ತೀರಾ!"

ಭಾಬಿ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತುಬಿಟ್ಟಳು. ಅಳುವೋ ನಗುವೋ ಗೊತ್ತಾಗುತ್ತಿರಲಿಲ್ಲ. "ಬೈಯಿರಿ, ಇನ್ನೊಂದು ಸಲ ಬೈಯಿರಿ," ಅನ್ನುತ್ತಿದ್ದಳು. ನನ್ನ ಕಡೆ ತಿರುಗಿ, "ಉಪ್ಪಿನ ಚಾ ಮಾಡಿದ್ದು ನಾನು, ಬೈಸ್ಕೊಳ್ಳೋ ಭಾಗ್ಯ ನಿಮಗೆ!" ಅಂದಳು. ನನಗೂ ಅಕ್ಷರ ಮಂಜಾಗಿ, ಪುಸ್ತಕ ಮುಚ್ಚಿದೆ.

ಗಂಟೆ ಕಳೆಯುವುದರೊಳಗೆ ಶಿವಮೊಗ್ಗದಿಂದ ಆಟೋ ಬಂತು. ಭಾಬಿಯ ಅಣ್ಣ ತಲೆಗೆ ಬಿಳೀ ಟೋಪಿ, ಕಣ್ಣಿಗೆ ಕರ್ಚೀಫು ಒತ್ತಿಕೊಂಡು ಒಳಗೆ ಬಂದ. ಭಾಯ್ ಚಾ ಕುಡಿಯುತ್ತಿದ್ದರು. ಅವನು ಕರ್ಚೀಫು ಇಳಿಸಿದ.

"ಮತ್ತೆ... ಸತ್ತಿದ್ದು ಯಾರು?"

"ಸಾವ್ಕಾರ," ಅಂದರು ಭಾಯ್, ಈ ಸಲ ತೊದಲದೆ.

"ಅಯ್ಯೋ ಪಾಪ, ಏನಾಗಿತ್ತು ಅವರಿಗೆ?"

ಓಣಿಗೆ ಓಣಿಯೇ ನನ್ನ ಕಡೆ ತಿರುಗಿತು.

"ಅವನಿಗೇನೂ ಆಗಿರಲಿಲ್ಲಪ್ಪ," ಅಂದೆ, "ನಮ್ಮನೆಗೆ ಸಿಲಿಂಡರ್ ಬರೋದಿತ್ತು."